ಉಣ್ಣೆಯ ಹಾಲಕ್ಕಿ: ನೂಲಿನಿಂದ ಮೇಳದ ಮಳಿಗೆಯವರೆಗೆ

ಉಣ್ಣೆಯ ನೂಲಿನಲ್ಲಿ ಗೂಬೆ ಹೆಣೆಯುವುದು, ಬಿಸಿನೀರಿನಲ್ಲಿ ಉಜ್ಜಿ ಅದನ್ನು ಫೆಲ್ಟ್ ಮಾಡುವುದು, ಆಮೇಲೆ ಕಣ್ಣು, ಕೊಕ್ಕು, ಚುಕ್ಕೆಗಳನ್ನು ಕೂಡಿಸುವುದು: ಈ ಕೆಲಸವನ್ನು ನಾನು ಬೇಸಿಗೆಯ ಆರಂಭದಲ್ಲಿ ಕೈಗೆತ್ತಿಕೊಂಡೆ. ಮೊನ್ನೆ ಚಳಿಗಾಲದ ಕರಕುಶಲ ಮೇಳದಲ್ಲಿ ಕೊನೆಯ ಗೂಬೆಯೂ ಮಾರಾಟವಾಯಿತು. ನಡುವಿನ ತಿಂಗಳುಗಳಲ್ಲಿ ನೂಲು ಕಾಯಿಸಿತು, ನೀರು ಸತಾಯಿಸಿತು, ಮಳೆ ತಡೆಯಿತು, ಕಾಗದಪತ್ರಗಳು ಅಲೆದಾಡಿಸಿದವು. ಓದಲು ಸಿಕ್ಕ ವಿವರಣೆಗಳೆಲ್ಲ ಚಳಿ ದೇಶದವರು ಬರೆದವು. ಅವರ ಅಂಗಡಿಯ ನೂಲು ನಮ್ಮಲ್ಲಿ ಸಿಗುವುದಿಲ್ಲ, ಅವರ ನಲ್ಲಿಯಲ್ಲಿ ಬರುವ ನೀರು ನಮ್ಮ ನಲ್ಲಿಯಲ್ಲಿ ಬರುವುದಿಲ್ಲ. ಧಾರವಾಡದ ಒಂದು ಮನೆಯ ಹಿತ್ತಲಲ್ಲಿ ಈ ಕೆಲಸ ಹೇಗೆ ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಕೈ ಹಾಕುವವರಿಗೆ ಅರ್ಧ ದಾರಿಯಾದರೂ ಸುಲಭವಾಗಲಿ.

ಫೆಲ್ಟ್ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕುರಿಯ ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು, ಉಜ್ಜಾಟ ಈ ಮೂರೂ ಸೇರಿದಾಗ ಎಳೆಗಳು ಒಂದರೊಳಗೊಂದು ನುಗ್ಗುತ್ತವೆ, ಹುರುಪೆಗಳು ಸಿಕ್ಕಿಕೊಂಡು ಹಿಂದೆ ಸರಿಯಲು ಬಿಡುವುದಿಲ್ಲ. ಹೆಣಿಗೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಕುಣಿಕೆಗಳು ಮಾಯವಾಗುತ್ತವೆ. ಕಾಶ್ಮೀರದ ನಮದಾ ಹಾಸುಗಳು ಇದೇ ಗುಣದಿಂದ ಆಗುವಂಥವು. ಹೀಗೆ ಜಡೆಗಟ್ಟಿದ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಗೊಂಬೆಗೆ ಇದಕ್ಕಿಂತ ಒಳ್ಳೆಯ ಬಟ್ಟೆ ನನಗೆ ಗೊತ್ತಿಲ್ಲ. ಹತ್ತಿ, ಅಕ್ರಿಲಿಕ್, ಪಾಲಿಯೆಸ್ಟರ್ ಎಷ್ಟು ಉಜ್ಜಿದರೂ ಹೀಗಾಗುವುದಿಲ್ಲ.

ಗೂಬೆಗಳಲ್ಲಿ ನಾನು ಆರಿಸಿಕೊಂಡದ್ದು ಹಾಲಕ್ಕಿಯನ್ನು. ಬುಡುಬುಡಿಕೆಯವರು ಅದರ ಶಕುನ ನುಡಿಯುತ್ತಾ ನಸುಕಿನಲ್ಲಿ ಮನೆ ಮನೆಗೆ ಬರುತ್ತಿದ್ದುದನ್ನು ನನ್ನ ವಯಸ್ಸಿನವರು ಕೇಳಿಯೇ ಬೆಳೆದಿದ್ದೇವೆ. ನಮ್ಮ ಓಣಿಯ ಹುಣಸೆ ಮರದ ಪೊಟರೆಯಲ್ಲಿ ಈಗಲೂ ಒಂದು ಜೋಡಿ ಇದೆ. ಬೂದುಗಂದು ಮೈ, ಅದರ ಮೇಲೆ ಬಿಳಿ ಚುಕ್ಕೆ, ಬಿಳಿ ಹುಬ್ಬು, ಹಳದಿ ಕಣ್ಣು, ದುಂಡು ತಲೆ. ಎತ್ತರ ಸುಮಾರು 21 ಸೆಂಟಿಮೀಟರ್. ಅಷ್ಟೇ ಎತ್ತರದ, ನಿಜವಾದ ಹಕ್ಕಿಯ ಗಾತ್ರದ ಗೊಂಬೆ ಮಾಡಬೇಕೆಂದು ಮೊದಲ ದಿನವೇ ನಿರ್ಧರಿಸಿದೆ.

ನೂಲಿನ ಹುಡುಕಾಟವೇ ಮೊದಲ ಪರೀಕ್ಷೆಯಾಯಿತು. ನಮ್ಮ ಕಡೆಯ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ದಾರದಲ್ಲಿ ಬಹುಪಾಲು ಅಕ್ರಿಲಿಕ್. ಸ್ವೆಟರ್‌ಗೆ ಅದು ಸಾಕು, ಫೆಲ್ಟ್‌ಗೆ ಪ್ರಯೋಜನವಿಲ್ಲ. ಗುರುತು ಹಿಡಿಯಲು ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗಿಯೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ.

ಒಂದು ಅಂಗಡಿಯಲ್ಲಿ ಈ ಪರೀಕ್ಷೆಯಲ್ಲಿ ಗೆದ್ದ ನೂಲು ಸಿಕ್ಕಿತು. ನೂರು ಗ್ರಾಂಗೆ 380 ರೂಪಾಯಿ. ಲೇಬಲ್ ಮೇಲೆ ಶುದ್ಧ ಉಣ್ಣೆ ಎಂದೇ ಇತ್ತು. ಅಂಗಡಿಯವರೂ ಆಣೆ ಮಾಡಿ ಹೇಳಿದರು. ಮನೆಗೆ ತಂದು ಒಂದು ಚೌಕ ಹೆಣೆದು ಬಿಸಿನೀರಿನಲ್ಲಿ ಉಜ್ಜಿದೆ. ಕೈ ಕೆಂಪಾಯಿತು, ಚೌಕ ಒಂದು ಕುಣಿಕೆಯಷ್ಟೂ ಕುಗ್ಗಲಿಲ್ಲ. ಆಗ ತಿಳಿದದ್ದೇನೆಂದರೆ ಅದು ಉಣ್ಣೆಯೇ, ಆದರೆ ಸೂಪರ್‌ವಾಷ್ ಉಣ್ಣೆ. ಮೆಷಿನ್‌ನಲ್ಲಿ ಒಗೆದರೂ ಕುಗ್ಗದಂತೆ ಕಾರ್ಖಾನೆಯಲ್ಲೇ ಎಳೆಗಳ ಹುರುಪೆಯನ್ನು ಸವೆಸಿ, ಮೇಲೆ ತೆಳುವಾದ ಲೇಪನ ಕೊಟ್ಟಿರುತ್ತಾರೆ. ಬೆಂಕಿಯ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಹಾಗಾಗಿ ನೂಲು ಕೊಳ್ಳುವಾಗ ‘ಮೆಷಿನ್‌ನಲ್ಲಿ ಒಗೆಯಬಹುದು’ ಎಂದು ಬರೆದಿದ್ದರೆ ಅಲ್ಲಿಗೇ ಕೈಬಿಡಿ. ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ಎರಡು ತುಂಡು ದಾರದ ತುದಿಗಳನ್ನು ಬಿಡಿಸಿ, ಒಂದರ ಮೇಲೊಂದಿಟ್ಟು, ತುಸು ಒದ್ದೆ ಮಾಡಿ ಅಂಗೈಗಳ ನಡುವೆ ಬಿಸಿಯೇರುವಂತೆ ಉಜ್ಜಿ. ಫೆಲ್ಟ್ ಆಗುವ ಉಣ್ಣೆಯಾದರೆ ಎರಡು ತುದಿಗಳೂ ಒಂದಾಗುತ್ತವೆ. ಎಳೆದರೂ ಬಿಡುವುದಿಲ್ಲ.

ಕೊನೆಗೆ ಕುಲುವಿನ ಮಾರಾಟಗಾರರೊಬ್ಬರಿಗೆ ಫೋನ್ ಮಾಡಿ ಯಾವ ಸಂಸ್ಕರಣೆಯೂ ಆಗದ ಮೆರಿನೋ ನೂಲು (ಮೆರಿನೋ ತಳಿಯ ಕುರಿಯ ನಯವಾದ ಉಣ್ಣೆ) ಕೇಳಿದೆ. ಅವರು ಮೊದಲು ನಾಲ್ಕು ಬಣ್ಣಗಳ ತುಂಡು ದಾರಗಳನ್ನು ಲಕೋಟೆಯಲ್ಲಿ ಹಾಕಿ ಕಳಿಸಿದರು. ಒಂದೊಂದನ್ನೂ ಉಜ್ಜಿ ನೋಡಿದ ಮೇಲೆ ದುಡ್ಡು ಕಟ್ಟಿದೆ. ನೂರು ಗ್ರಾಂಗೆ 520 ರೂಪಾಯಿ ಬಿತ್ತು, ಸಾಗಣೆ ಬೇರೆ. ಹಿಮಾಚಲದಲ್ಲಿ ರಸ್ತೆ ಕುಸಿದು ಪಾರ್ಸೆಲ್ ತಡವಾಯಿತು. ದಿನವೂ ಮೊಬೈಲ್‌ನಲ್ಲಿ ಅದು ಎಲ್ಲಿಗೆ ಬಂತು ಎಂದು ನೋಡುವುದೇ ಕೆಲಸವಾಗಿತ್ತು. ಆ ಕಾಯುವಿಕೆಯಲ್ಲಿ ಒಂದು ಒಳ್ಳೆಯದೂ ಆಯಿತು, ದೇಸಿ ಉಣ್ಣೆಯ ಕಡೆಗೆ ಮನಸ್ಸು ಹೊರಳಿತು.

ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಂಬಳಿ ನೇಯುವ ಮನೆಯಿದೆ ಎಂದು ಪರಿಚಯದವರು ಹೇಳಿದ್ದರು. ಬಸ್ಸು ಹಿಡಿದು ಹೋದೆ. ಅಜ್ಜ ಕುಣಿಯ ಮಗ್ಗದಲ್ಲಿ ಕುಳಿತಿದ್ದರು, ಅಜ್ಜಿ ಜಗುಲಿಯಲ್ಲಿ ನೂಲುತ್ತಿದ್ದರು. ದಖ್ಖನಿ ಕುರಿಯ ಕಪ್ಪು, ಬೂದು ಉಣ್ಣೆ. ಬಣ್ಣ ಹಾಕಿದ್ದಲ್ಲ, ಕುರಿಯ ಮೈಬಣ್ಣವೇ ಅದು. ಹಾಲಕ್ಕಿಯ ಬೆನ್ನಿಗೆ ಬೇಕಾದ ಬೂದುಗಂದು ಅಲ್ಲಿ ಒಂದು ಬುಟ್ಟಿಯ ತುಂಬ ಇತ್ತು. ಕಂಬಳಿಯ ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಗಂಜಿ ಹಚ್ಚದ ನೂಲೇ ಬೇಕು ಎಂದೆ.

“ಇದನ್ನು ಏನು ಮಾಡುತ್ತೀ ತಾಯಿ?” ಎಂದು ಅಜ್ಜಿ ಕೇಳಿದರು. ಗೂಬೆಯ ಗೊಂಬೆ ಎಂದಾಗ ಅವರು ನಗಲಿಲ್ಲ, ಅಶುಭವೆಂದೂ ಹೇಳಲಿಲ್ಲ. “ಹಾಲಕ್ಕಿ ಮಾಡುತ್ತೀಯಾದರೆ ಇದಲ್ಲ, ಈ ಲಡಿ ತೆಗೆದುಕೋ. ಇದರಲ್ಲಿ ಬಿಳಿ ಕೂದಲು ಬೆರೆತಿದೆ” ಎಂದು ಬುಟ್ಟಿಯ ತಳದಿಂದ ಒಂದು ಲಡಿ ಎತ್ತಿ ಕೊಟ್ಟರು. ಬಿಸಿಲಿಗೆ ಹಿಡಿದಾಗ ಬೂದು ಎಳೆಗಳ ನಡುವೆ ಬಿಳಿ ಕೂದಲು ಅಲ್ಲಲ್ಲಿ ಮಿಂಚುತ್ತಿತ್ತು. ನನ್ನ ಗೂಬೆಗಳನ್ನು ಕೊಂಡವರೆಲ್ಲ ಕೈಯಾಡಿಸಿ ನೋಡುವುದು ಆ ಬೆನ್ನನ್ನೇ.

ಆ ನೂಲು ಕುರಿಯ ಜಿಡ್ಡಿನ ವಾಸನೆ ಸಮೇತ ಬರುತ್ತದೆ. ಹೆಣೆಯುವ ಮುಂಚೆ ಲಡಿಯನ್ನು ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ, ಅಂಟುವಾಳದ ನೊರೆಯಲ್ಲಿ ಉಜ್ಜದೆ ನೆನೆಸಿ ತೆಗೆಯಿರಿ. ಒಮ್ಮೆ ಸಾಲದು, ನೀರು ತಿಳಿಯಾಗುವವರೆಗೆ ಮಾಡಬೇಕು. ಕಸ, ಮುಳ್ಳಿನ ಚೂರು ಇರುತ್ತವೆ. ಅವನ್ನು ಹೆಣೆಯುವಾಗ ಕೈಯಿಂದಲೇ ಆರಿಸಬೇಕು.

ಇನ್ನು ಪ್ರಯೋಗದ ಚೌಕಗಳು. ಈ ಹಂತವನ್ನು ಯಾರೂ ದಾಟಿ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪ್ರತಿಯೊಂದು ನೂಲಿನಲ್ಲೂ 20 ಕುಣಿಕೆ, 20 ಸಾಲಿನ ಚೌಕ ಹೆಣೆಯಿರಿ. ನಾಲ್ಕು ಮೂಲೆಗೂ ಬಿಳಿ ಹತ್ತಿ ದಾರದ ಗಂಟು ಹಾಕಿ. ಹತ್ತಿ ಜಡೆಗಟ್ಟುವುದಿಲ್ಲವಾದ್ದರಿಂದ ಕುಣಿಕೆಗಳೆಲ್ಲ ಮಾಯವಾದ ಮೇಲೂ ಆ ಗಂಟುಗಳ ನಡುವಿನ ಅಂತರ ಅಳೆಯಬಹುದು. ನನ್ನ ಮೆರಿನೋ ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಗಲದಲ್ಲಿ ಕಾಲು ಭಾಗ ಕುಗ್ಗಿತು. ಎತ್ತರ ಯಾವಾಗಲೂ ಅಗಲಕ್ಕಿಂತ ಹೆಚ್ಚು ಕುಗ್ಗುತ್ತದೆ. ಅದಕ್ಕೇ ಹೆಣೆದಾಗ ಗೂಬೆ ಉದ್ದನೆಯ ಚೀಲದಂತೆ ಕಾಣಬೇಕು. ಅಜ್ಜಿಯ ದಖ್ಖನಿ ನೂಲು ಒರಟು, ಅದು ಇದರ ಅರ್ಧದಷ್ಟೂ ಕುಗ್ಗಲಿಲ್ಲ. ಎರಡನ್ನೂ ಪಟ್ಟೆ ಪಟ್ಟೆಯಾಗಿ ಹೆಣೆದ ಚೌಕ ನೀರಿನಿಂದ ಎದ್ದಾಗ ಒಂದು ಪಟ್ಟೆ ಬಿಗಿದು, ಪಕ್ಕದ್ದು ಉಬ್ಬಿ ನಿಂತಿತ್ತು. ಪರಿಹಾರ ಸರಳ: ದಖ್ಖನಿಯ ಒಂದು ಎಳೆ, ಮೆರಿನೋದ ಒಂದು ಎಳೆ ಜೋಡಿಸಿ ಒಟ್ಟಿಗೆ ಹೆಣೆಯುವುದು. ಮೆರಿನೋ ಕುಗ್ಗುತ್ತಾ ದಖ್ಖನಿಯನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ, ದಖ್ಖನಿಯ ಬಿರುಸು ಕೂದಲು ಮೇಲೆ ಉಳಿಯುತ್ತದೆ.

ಬಿಳಿ ನೂಲಿನ ಬಗ್ಗೆ ಒಂದು ಎಚ್ಚರಿಕೆ. ಬ್ಲೀಚ್ ಮಾಡಿದ ಅಚ್ಚ ಬಿಳಿ ಉಣ್ಣೆ ಬಹಳ ತಡವಾಗಿ ಜಡೆಗಟ್ಟುತ್ತದೆ. ಎದೆ, ಹುಬ್ಬುಗಳಿಗೆ ಕೆನೆಬಣ್ಣದ, ಬ್ಲೀಚ್ ಆಗದ ನೂಲೇ ಒಳ್ಳೆಯದು. ನೋಡಲೂ ಅದೇ ಹಕ್ಕಿಗೆ ಹತ್ತಿರ.

ಹೆಣಿಗೆಯ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ವೆಟರ್ ಹೆಣೆಯಲು ಬಂದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನೂಲು ಜೋಡಿ ಎಳೆ, ಕಡ್ಡಿ 8 ಮಿಲಿಮೀಟರ್. ಕುಣಿಕೆಗಳ ನಡುವೆ ಬೆಳಕು ಕಾಣುವಷ್ಟು ಸಡಿಲವಾಗಿರಬೇಕು, ಬಿಗಿಯಾಗಿ ಹೆಣೆದರೆ ಎಳೆಗಳಿಗೆ ಚಲಿಸಲು ಜಾಗವಿರುವುದಿಲ್ಲ. ತಳದಲ್ಲಿ ಕೆಲವೇ ಕುಣಿಕೆಗಳಿಂದ ಶುರು ಮಾಡಿ ಹೆಚ್ಚಿಸುತ್ತಾ 44 ಕುಣಿಕೆಗೆ ಬಂದೆ. ಅಲ್ಲಿಂದ ಸುತ್ತಲೂ ಸೀದಾ ಹೆಣಿಗೆ, 32 ಸೆಂಟಿಮೀಟರ್ ಎತ್ತರಕ್ಕೆ. ಹಾಲಕ್ಕಿಗೆ ಕಿವಿಯಂತೆ ನಿಲ್ಲುವ ಗರಿಗಳಿಲ್ಲ, ಆದ್ದರಿಂದ ತುದಿಯಲ್ಲಿ ಕುಣಿಕೆ ಕಡಿಮೆ ಮಾಡುತ್ತಾ ದುಂಡಗೆ ಮುಚ್ಚಿದೆ. ಕೊಂಬಿನ ಗೂಬೆ ಬೇಕೆನ್ನುವವರು ತುದಿಯನ್ನು ಸಪಾಟಾಗಿ ಮುಚ್ಚಿದರೆ ಸಾಕು. ಫೆಲ್ಟ್ ಆದಾಗ ಎರಡು ಮೂಲೆಗಳೂ ತಾವಾಗಿಯೇ ಚೂಪಾಗಿ ಕೊಂಬಾಗುತ್ತವೆ. ತುಂಬಲು ಬೆನ್ನಿನ ಕೆಳಗೆ ಒಂದು ಸೀಳು ಬಿಡಿ, ಅದರ ಅಂಚುಗಳನ್ನು ಹತ್ತಿ ದಾರದಿಂದ ತಾತ್ಕಾಲಿಕವಾಗಿ ಹೊಲಿದಿಡಿ. ಇಲ್ಲವಾದರೆ ನೀರಿನಲ್ಲಿ ಅಂಚು ಅಗಲವಾಗಿ ಅಲೆ ಅಲೆಯಾಗುತ್ತದೆ. ರೆಕ್ಕೆಗಳನ್ನು ಬೇರೆಯಾಗಿ ಹೆಣೆದೆ.

ಎದೆಯ ಭಾಗದಲ್ಲಿ ನೂಲುಗಳ ಆಟ ಶುರುವಾಗುತ್ತದೆ. ಕೆನೆಬಣ್ಣದ ಮೆರಿನೋ ಜೊತೆ ಮೊಹೇರ್‌ನ (ಅಂಗೋರಾ ಮೇಕೆಯ ಕೂದಲಿನ ನೂಲು) ತೆಳು ಎಳೆ ಸೇರಿಸಿದರೆ ಮರಿಹಕ್ಕಿಯ ತುಪ್ಪುಳದಂಥ ಮಂಜು ಬರುತ್ತದೆ. ಫರ್ ದಾರ ಎಂದು ಅಂಗಡಿಗಳಲ್ಲಿ ಸಿಗುವ, ಉದ್ದುದ್ದ ರೋಮಗಳಿರುವ ಪಾಲಿಯೆಸ್ಟರ್ ನೂಲು ಒಂಟಿಯಾಗಿ ಕುಗ್ಗದು. ಆದರೆ ಉಣ್ಣೆಯ ಜೊತೆ ಹೆಣೆದರೆ ಉಣ್ಣೆ ಕೆಳಗೆ ಬಿಗಿಯುತ್ತಾ ಹೋದಂತೆ ರೋಮಗಳು ಒತ್ತೊತ್ತಾಗಿ ಮೇಲೆ ನಿಲ್ಲುತ್ತವೆ. ಕೆಲವು ರೋಮಗಳು ಫೆಲ್ಟ್‌ನೊಳಗೆ ಸಿಕ್ಕಿಕೊಳ್ಳುತ್ತವೆ. ಪೂರ್ತಿ ಒಣಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಬಾಚಿದರೆ ಒಂದೊಂದಾಗಿ ಹೊರಬರುತ್ತವೆ. ಗಂಟು ಗಂಟಾಗಿರುವ ಬೂಕ್ಲೆ ನೂಲನ್ನು ಹುಬ್ಬಿನ ಎರಡು ಸಾಲಿಗೆ ಮಾತ್ರ ಬಳಸಿದೆ. ಜಾಸ್ತಿ ಬಳಸಿದರೆ ಮುಖದ ಭಾವವೇ ಮುಚ್ಚಿಹೋಗುತ್ತದೆ.

ಫೆಲ್ಟ್ ಮಾಡುವ ದಿನ ಬಂದಾಗ ನೀರು ಕೈಕೊಟ್ಟಿತು. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಸಾಬೂನು ತಿಕ್ಕಿದಷ್ಟೂ ನೊರೆಯ ಬದಲು ಬಿಳಿ ಕೆನೆಯಂಥ ಕಲ್ಮಶ ತೇಲುತ್ತದೆ. ಅದು ಉಣ್ಣೆಗೆ ಅಂಟಿಕೊಂಡರೆ ಕಪ್ಪು ನೂಲಿನ ಮೇಲೆ ಬೂದಿ ಎರಚಿದಂತೆ ಕಾಣುತ್ತದೆ. ನಲ್ಲಿಯ ಮಲಪ್ರಭಾ ನೀರು ಮೃದು, ಆದರೆ ನಮ್ಮ ಓಣಿಗೆ ಅದು ಹಲವು ದಿನಗಳಿಗೊಮ್ಮೆ ಬರುತ್ತದೆ. ನಲ್ಲಿ ಬರುವ ದಿನವೇ ಫೆಲ್ಟಿಂಗ್ ದಿನ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿಹೋಯಿತು. ಮಳೆ ಶುರುವಾದ ಮೇಲೆ ಹೆಂಚಿನ ನೀರು ಹಿಡಿದು ಸೋಸಿ ಬಳಸಿದೆ. ಅದರಷ್ಟು ನೊರೆ ಬೇರಾವ ನೀರಿನಲ್ಲೂ ಬರಲಿಲ್ಲ.

ಮೆಷಿನ್‌ನಲ್ಲಿ ಮಾಡುವವರು ಮೇಲಿನಿಂದ ತೆರೆಯುವ ಮೆಷಿನ್ ಬಳಸಿ, ಐದೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡಬಹುದು. ಮುಂದಿನಿಂದ ತೆರೆಯುವುದರಲ್ಲಿ ಬಾಗಿಲು ಬೀಗ ಹಾಕಿಕೊಳ್ಳುತ್ತದೆ. ಹೊರಗೆ ಬರುವಷ್ಟರಲ್ಲಿ ಗೂಬೆ ಗುಬ್ಬಿಯ ಗಾತ್ರಕ್ಕೆ ಬಂದರೂ ಬರಬಹುದು. ಫೆಲ್ಟ್ ಆದದ್ದನ್ನು ಮತ್ತೆ ಹಿಗ್ಗಿಸಲಾಗದು. ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟದಿದ್ದರೆ ಉದುರುವ ಉಣ್ಣೆ ಮೆಷಿನ್‌ನ ಜಾಲರಿಯನ್ನು ಕಟ್ಟಿಸುತ್ತದೆ. ನನಗೆ ಹಿಡಿಸಿದ್ದು ಹಿತ್ತಲ ಒಗೆಯುವ ಕಲ್ಲು. ಹಂಡೆಯಲ್ಲಿ ಕಾಯಿಸಿದ ನೀರನ್ನು ರಬ್ಬರ್ ಗವಸು ಹಾಕಿದ ಕೈ ತಾಳುವಷ್ಟು ಬಿಸಿಗೆ ತಂದು, ಸಾದಾ ಸಾಬೂನನ್ನು ಹೆರೆದು ಕರಗಿಸಿ, ಹೆಣಿಗೆಯನ್ನು ಅದ್ದಿ ಕಲ್ಲಿನ ಮೇಲಿಟ್ಟು ಮೊದಲು ಮೆಲ್ಲಗೆ ಒತ್ತಬೇಕು. ಶುರುವಿನಲ್ಲಿ ಹೆಣಿಗೆ ಕುಗ್ಗುವ ಬದಲು ಹಿಗ್ಗಿ ಜೋತುಬೀಳುತ್ತದೆ. ಕೆಲಸ ಕೆಟ್ಟಿತು ಎನಿಸುವ ಗಳಿಗೆ ಅದು. ಹೆದರಬೇಡಿ, ಒತ್ತುತ್ತಲೇ ಇರಿ. ಸ್ವಲ್ಪ ಹೊತ್ತಿನಲ್ಲಿ ಬೆರಳಿನಡಿಯ ಜಾರುವಿಕೆ ಹೋಗಿ ಬಟ್ಟೆ ಹಿಡಿತಕ್ಕೆ ಸಿಗುತ್ತದೆ. ಆಮೇಲೆ ಕಲ್ಲಿನ ಗೆರೆಗಳ ಮೇಲೆ ಎಲ್ಲ ದಿಕ್ಕಿಗೂ ಉಜ್ಜಬಹುದು. ಒಂದೇ ದಿಕ್ಕಿಗೆ ಉಜ್ಜಿದರೆ ಆ ದಿಕ್ಕಿಗೇ ಕುಗ್ಗಿ ಗೂಬೆ ವಾರೆಯಾಗುತ್ತದೆ.

ನಡುನಡುವೆ ಒಳಗೆ ಕೈ ಹಾಕಿ ಎದೆ ಮತ್ತು ಬೆನ್ನು ಅಂಟಿಕೊಂಡಿವೆಯೇ ನೋಡಬೇಕು. ಅಂಟಿದ್ದರೆ ಆಗಿಂದಾಗಲೇ ಬಿಡಿಸಬೇಕು, ತಡವಾದರೆ ಹರಿಯುತ್ತದೆಯೇ ಹೊರತು ಬಿಡುವುದಿಲ್ಲ. ರೆಕ್ಕೆಗಳನ್ನೂ ಮೈಯ ಜೊತೆ ಒಂದೇ ಚೀಲದಲ್ಲಿ ಹಾಕಬಾರದು. ಕುಣಿಕೆಗಳು ಕಾಣದಾದಾಗ ನಿಲ್ಲಿಸಿ, ತಣ್ಣೀರಿನಲ್ಲಿ ಜಾಲಾಡಿ. ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಉಳಿದ ಸಾಬೂನು ಹೋಗುತ್ತದೆ. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಮೇಲೆ ಕಾಲಿಟ್ಟು ಒತ್ತಿ.

ಒದ್ದೆಯಿರುವಾಗಲೇ ರೂಪ ಕೊಡಬೇಕು. ಒಳಗೆ ಪ್ಲಾಸ್ಟಿಕ್ ಚೀಲಗಳನ್ನು ತುರುಕಿ, ತಲೆ ಮತ್ತು ಮೈ ಬೇರೆಯಾಗುವಲ್ಲಿ ಹತ್ತಿ ದಾರ ಸುತ್ತಿ, ತಳ ಸಪಾಟಾಗುವಂತೆ ಮಣೆಯ ಮೇಲೆ ಕೂರಿಸಿದೆ. ಬೇಸಿಗೆಯಲ್ಲಿ ಎರಡು ದಿನದಲ್ಲಿ ಒಣಗಿದವು. ಧಾರವಾಡದ ಮಳೆಗಾಲದಲ್ಲಿ ಅದೇ ದಪ್ಪದ ಫೆಲ್ಟ್ ವಾರ ಕಳೆದರೂ ಒಳಗೆ ತಣ್ಣಗೇ ಇತ್ತು. ಮುಗ್ಗಲು ವಾಸನೆ ಶುರುವಾದಾಗ ನನಗೆ ನಿದ್ದೆಯೇ ಹತ್ತಲಿಲ್ಲ. ಪ್ಲಾಸ್ಟಿಕ್ ತೆಗೆದು, ಒಳಗೆ ಹಳೆಯ ಪತ್ರಿಕೆಯ ಬದಲು ಹತ್ತಿ ಬಟ್ಟೆ ತುಂಬಿ (ಪತ್ರಿಕೆಯ ಶಾಯಿ ಹತ್ತುತ್ತದೆ) ಫ್ಯಾನಿನ ಕೆಳಗೆ ಇಟ್ಟು, ಬಟ್ಟೆಯನ್ನು ಬೆಳಿಗ್ಗೆ ಸಂಜೆ ಬದಲಿಸಿದ ಮೇಲೆ ಉಳಿದುಕೊಂಡವು. ಸಾಧ್ಯವಿದ್ದರೆ ಜೂನ್‌ಗೆ ಮುಂಚೆಯೇ ಎಲ್ಲ ಒದ್ದೆ ಕೆಲಸ ಮುಗಿಸಿ, ಮಳೆಗಾಲವನ್ನು ಅಲಂಕಾರಕ್ಕೆ ಇಟ್ಟುಕೊಳ್ಳಿ.

ಪೂರ್ತಿ ಒಣಗಿದ ಮೇಲೆ ತುಂಬುವ ಕೆಲಸ. ತಳದಲ್ಲಿ ತೊಳೆದ ಸಣ್ಣ ಕಲ್ಲುಗಳ ಎರಡು ಪದರದ ಬಟ್ಟೆ ಚೀಲ, ಮೇಲೆ ಪಾಲಿಯೆಸ್ಟರ್ ಹತ್ತಿ. ಅಕ್ಕಿ, ಕಾಳು ಹಾಕಿದರೆ ಹುಳು ಬೀಳುತ್ತದೆ.

ಕಣ್ಣಿಗೆ ಹಳದಿ ಮೆರಿನೋದ ಪ್ರತ್ಯೇಕ ಚೌಕವನ್ನು ಫೆಲ್ಟ್ ಮಾಡಿ ದುಂಡಗೆ ಕತ್ತರಿಸಿದೆ. ಕಣ್ಣಿನ ಪಾಪೆ ಕಪ್ಪು ಉಣ್ಣೆಯದು, ಅದನ್ನು ಫೆಲ್ಟಿಂಗ್ ಸೂಜಿಯಿಂದ ಚುಚ್ಚಿ ಕೂರಿಸಿದ್ದು. ಈ ಸೂಜಿಯ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಚುಚ್ಚಿದಾಗ ಮೇಲಿನ ಎಳೆಯನ್ನು ಕೆಳಗಿನ ಬಟ್ಟೆಯೊಳಗೆ ಒಯ್ಯುತ್ತವೆ. 36 ಸಂಖ್ಯೆಯದು ದಪ್ಪ, 40 ತೆಳು, ನನ್ನ ಬಹುಪಾಲು ಕೆಲಸ 38ರಲ್ಲಿ ಆಯಿತು. ಒಂದೊಂದು ಸೂಜಿಗೆ 30 ರೂಪಾಯಿ ಕೊಟ್ಟೆ. ಯಾವ ಕೋನದಲ್ಲಿ ಒಳಹೋಯಿತೋ ಅದೇ ಕೋನದಲ್ಲಿ ಹೊರತೆಗೆಯಬೇಕು, ಒಂದಿಷ್ಟು ಬಾಗಿಸಿದರೂ ಮುರಿದು ತುದಿ ಗೊಂಬೆಯೊಳಗೇ ಉಳಿಯುತ್ತದೆ. ಮುರಿದರೆ ತುದಿ ಸಿಗುವವರೆಗೆ ಆ ಗೊಂಬೆ ಯಾರ ಕೈಗೂ ಹೋಗಬಾರದು. ಅಯಸ್ಕಾಂತ ಹತ್ತಿರವಿಟ್ಟುಕೊಳ್ಳಿ. ಚುಕ್ಕೆಗಳನ್ನೂ ಹೀಗೆಯೇ ಹಾಕಿದೆ: ಕೆನೆ ಉಣ್ಣೆಯ ಚಿಟಿಕೆಯನ್ನು ಬೆರಳಲ್ಲಿ ಉಂಡೆ ಮಾಡಿ, ತಲೆಯ ಮೇಲೆ ಸಣ್ಣವು, ರೆಕ್ಕೆಗೆ ಬಂದಂತೆ ದೊಡ್ಡವು. ಗುಂಡಿ, ಮಣಿಗಳ ಕಣ್ಣು ಚೆಂದವೇ, ಆದರೆ ಕಿತ್ತು ಬಾಯಿಗೆ ಹಾಕುವ ಮಕ್ಕಳಿರುವ ಮನೆಗೆ ಅವು ಅಪಾಯ.

ಒಂದು ಗೂಬೆಯ ರೆಕ್ಕೆಗೆ ಕಸೂತಿ ಹಾಕಬೇಕೆಂಬುದು ಧಾರವಾಡದವಳಾಗಿ ನನ್ನ ಆಸೆ. ಇಲ್ಲಿ ಎದುರಾದ ತೊಡಕನ್ನು ನಾನು ಊಹಿಸಿರಲಿಲ್ಲ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬ ಅದರ ನಾಲ್ಕೂ ಹೊಲಿಗೆಗಳು ಬಟ್ಟೆಯ ಹಾಸುಹೊಕ್ಕಿನ ಲೆಕ್ಕದ ಮೇಲೆ ನಿಂತಿವೆ. ಫೆಲ್ಟ್‌ನಲ್ಲಿ ಎಣಿಸಲು ಎಳೆಯೇ ಇಲ್ಲ. ಕೊನೆಗೆ ಸಡಿಲ ನೇಯ್ಗೆಯ ತೆಳು ಹತ್ತಿ ಬಟ್ಟೆಯನ್ನು ರೆಕ್ಕೆಯ ಮೇಲೆ ಟಾಕು ಹಾಕಿ ಕೂರಿಸಿ, ಅದರ ಎಳೆ ಎಣಿಸುತ್ತಾ ಎರಡರ ಮೂಲಕವೂ ಕಸೂತಿ ಹಾಕಿ, ಮುಗಿದ ಮೇಲೆ ಆ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಚಿಮಟದಿಂದ ಎಳೆದು ತೆಗೆದೆ. ಕಸೂತಿ ಮಾತ್ರ ಫೆಲ್ಟ್ ಮೇಲೆ ಉಳಿಯಿತು. ರೇಷ್ಮೆ ದಾರದ ಸಣ್ಣ ಗೋಪುರಗಳ ಸಾಲು ಬೂದು ರೆಕ್ಕೆಯ ಅಂಚಿನಲ್ಲಿ ಮೂಡಿದಾಗ ಅಷ್ಟು ದಿನದ ದಣಿವು ಇಳಿದುಹೋಯಿತು. ಕೆಂಪು ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಮನೆಯಲ್ಲಿ ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. ಗೂಬೆ ಮನೆಯ ಮೇಲೆ ಕೂತರೆ ಶಾಂತಿ ಮಾಡಿಸುತ್ತಿದ್ದ ಕಾಲದವರು ಅವರು. “ಒಂದೆರಡಲ್ಲ, ಇಡೀ ಕಪಾಟು ತುಂಬ ಗೂಬೆ ಇಟ್ಟಿದ್ದೀಯಲ್ಲ ತಂಗೀ” ಎಂದು ದೀಪ ಹಚ್ಚುವ ಹೊತ್ತಿಗೆ ಕೇಳಿದರು. ಬಂಗಾಳದಲ್ಲಿ ಗೂಬೆಯೇ ಲಕ್ಷ್ಮಿಯ ವಾಹನ ಎಂದೆ. ಇಲಿ, ಹುಳುಗಳನ್ನು ತಿಂದು ಹೊಲ ಕಾಯುವ ಹಕ್ಕಿ ಅದು, ನಮ್ಮ ಹುಣಸೆ ಮರದಲ್ಲಿ ಇಷ್ಟು ವರ್ಷದಿಂದ ಇದೆಯಲ್ಲ ಎಂದೂ ಹೇಳಿದೆ. ಅವರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಆದರೆ ಮಳೆಗಾಲದಲ್ಲಿ ಗೂಬೆಗಳೊಳಗಿನ ಬಟ್ಟೆ ಬದಲಿಸುವಾಗ ಅರ್ಧ ಕೆಲಸ ಅವರೇ ಮಾಡಿದರು. ಮಾಟಮಂತ್ರದ ಹೆಸರಿನಲ್ಲಿ ದೀಪಾವಳಿಯ ಸುಮಾರಿಗೆ ನಿಜವಾದ ಗೂಬೆಗಳನ್ನು ಹಿಡಿದು ಕೊಲ್ಲುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮಕ್ಕಳು ಈ ಹಕ್ಕಿಯನ್ನು ಹೆದರದೆ ಎತ್ತಿಕೊಳ್ಳಲಿ ಎಂಬುದೇ ನನ್ನ ಇಷ್ಟೆಲ್ಲ ಹಟದ ಹಿಂದಿದ್ದ ಬಯಕೆ.

ಗೊಂಬೆಗಳು ಸಿದ್ಧವಾದ ಮೇಲೆ ಕಾಗದಪತ್ರದ ಸರದಿ. ಇದು ಅನೇಕರಿಗೆ ತಿಳಿದಿಲ್ಲ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆ ಮಾರಬೇಕಾದರೆ ಐಎಸ್‌ಐ ಗುರುತು ಕಡ್ಡಾಯ. ಕೈಯಿಂದ ಹತ್ತಿಪ್ಪತ್ತು ಗೊಂಬೆ ಮಾಡುವವರಿಗೆ ಆ ಪರವಾನಗಿ ಪಡೆಯುವುದು ಆಗದ ಮಾತು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ಈ ಆದೇಶದಿಂದ ವಿನಾಯಿತಿಯಿದೆ. ನೋಂದಣಿಗೆ ಸಿಗುವ ಗುರುತಿನ ಚೀಟಿಯೇ ‘ಪಹಚಾನ್’ ಕಾರ್ಡ್. ಮೇಳದ ವ್ಯವಸ್ಥಾಪಕರು ಮಳಿಗೆ ಕೊಡುವ ಮುನ್ನ ಕೇಳಿದ್ದೂ ಅದನ್ನೇ.

ಅರ್ಜಿಯ ಜೊತೆ ನನ್ನಿಂದ ಆಧಾರ್, ಭಾವಚಿತ್ರ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ, ಮಾಡಿದ ವಸ್ತುಗಳ ಚಿತ್ರಗಳನ್ನು ತೆಗೆದುಕೊಂಡರು. ಆಧಾರ್‌ನಲ್ಲಿ ನನ್ನ ಹೆಸರಿನ ಜೊತೆ ತಂದೆಯ ಹೆಸರಿನ ಮೊದಲಕ್ಷರ, ಪಾಸ್‌ಪುಸ್ತಕದಲ್ಲಿ ಪತಿಯ ಹೆಸರು. ಅಷ್ಟಕ್ಕೇ ಅರ್ಜಿ ವಾಪಸ್ ಬಂತು. ಬ್ಯಾಂಕಿನಲ್ಲಿ ಹೆಸರು ತಿದ್ದಿಸಲು ಮತ್ತೆ ಬೇರೆ ಅರ್ಜಿ, ಬೇರೆ ಸರತಿ. ಅರ್ಜಿ ಹಾಕುವ ಮುಂಚೆ ಎರಡು ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಕಸುಬಿನ ಪಟ್ಟಿಯಲ್ಲಿ ಯಾವ ವಿಭಾಗ ಆರಿಸಬೇಕು ಎಂಬ ಗೊಂದಲವೂ ಇತ್ತು. ಹೆಣಿಗೆಯೋ, ಗೊಂಬೆಯೋ? ಮಾರುವುದು ಗೊಂಬೆಯಾದ್ದರಿಂದ ಗೊಂಬೆ ಮತ್ತು ಆಟಿಕೆ ಎಂದು ಬರೆಸಿದೆ, ಅದೇ ಸರಿಯಾಯಿತು.

ಆಮೇಲೆ ಪರಿಶೀಲನೆ. ಅರ್ಜಿದಾರರು ನಿಜವಾಗಿಯೂ ಕೈಯಿಂದ ಮಾಡುತ್ತಾರೆಯೇ ಎಂದು ಅಧಿಕಾರಿ ನೋಡುತ್ತಾರೆ. ಫೆಲ್ಟ್ ಆಗುವುದನ್ನು ಕೂತಲ್ಲೇ ಮಾಡಿ ತೋರಿಸಲು ಸಮಯ ಸಾಲದು. ಕಡ್ಡಿಯ ಮೇಲೆ ಅರ್ಧ ಹೆಣೆದದ್ದು, ಹೆಣೆದು ಮುಗಿದ ಉದ್ದನೆಯ ಚೀಲ, ಫೆಲ್ಟ್ ಆದ ಖಾಲಿ ಮೈ, ಪೂರ್ತಿಯಾದ ಗೂಬೆ, ಇಷ್ಟನ್ನೂ ಒಯ್ದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಧಿಕಾರಿ ಚೀಲವನ್ನೂ ಖಾಲಿ ಮೈಯನ್ನೂ ಪಕ್ಕದಲ್ಲಿ ಹಿಡಿದು, “ಮೇಡಂ, ಎರಡೂ ಒಂದೇ ಅಳತೆಯವೇ?” ಎಂದು ಎರಡೆರಡು ಸಲ ಕೇಳಿದರು. ಸೂಜಿಯಿಂದ ಒಂದು ಚುಕ್ಕೆ ಕೂರಿಸಿ ತೋರಿಸಿದೆ. ಅಲ್ಲಿಗೆ ಪ್ರಶ್ನೆಗಳು ಮುಗಿದವು. ಕಾರ್ಡ್ ಕೈಗೆ ಬರಲು ಮಾತ್ರ ಬಹಳ ಕಾಯಬೇಕಾಯಿತು. ಮೇಳಕ್ಕೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬರುತ್ತಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಕಡ್ಡಿ ಹಿಡಿಯುವ ದಿನವೇ ಈ ಅರ್ಜಿಯನ್ನೂ ಹಾಕಿಬಿಡಿ.

ಖರ್ಚಿನ ಲೆಕ್ಕ ಕೇಳುವವರಿಗೆ: ಒಂದು ಗೂಬೆಗೆ ಎಲ್ಲ ಸೇರಿ ಸುಮಾರು 100 ಗ್ರಾಂ ನೂಲು. ಮೆರಿನೋ 320 ರೂಪಾಯಿ, ದಖ್ಖನಿ 30, ಮೊಹೇರ್ ಮತ್ತು ಫರ್ ದಾರ ಸೇರಿ 60, ತುಂಬುವ ಹತ್ತಿ, ಸಾಬೂನು, ಸೂಜಿಯ ಸವಕಳಿ 50. ಮಳಿಗೆಯ ಬಾಡಿಗೆ ಹಂಚಿದರೆ ಇನ್ನೂ 80. ಕೈಗೆಲಸದ ಬೆಲೆ ಇದರಲ್ಲಿ ಸೇರಿಲ್ಲ. 1,200 ರೂಪಾಯಿಗೆ ಮಾರಿದೆ, ಕಸೂತಿ ರೆಕ್ಕೆಯದು 2,000ಕ್ಕೆ ಹೋಯಿತು. ಚೌಕಾಸಿ ಮಾಡಿದವರಿಗೆ ಬೆಲೆ ಇಳಿಸಲಿಲ್ಲ, ಹೆಣೆದ ಚೀಲವನ್ನು ತೋರಿಸಿದೆ. ಮಳಿಗೆಯಲ್ಲಿ ಅಂಥದ್ದೊಂದು ಇಟ್ಟುಕೊಳ್ಳಿ, ನೂರು ಮಾತಿನ ಕೆಲಸ ಅದು ಮಾಡುತ್ತದೆ.

ಪ್ರತಿ ಗೂಬೆಯ ಕಾಲಿಗೆ ಒಂದು ಚೀಟಿ ಕಟ್ಟಿದ್ದೆ. ಬಿಸಿನೀರಿಗೆ ಹಾಕಬೇಡಿ, ಕೊಳೆಯಾದ ಜಾಗವನ್ನು ತಣ್ಣೀರಿನ ಒದ್ದೆ ಬಟ್ಟೆಯಿಂದ ಒರೆಸಿ. ಉಣ್ಣೆಗೆ ನುಸಿ ಬೀಳುತ್ತದೆ, ತಿಂಗಳಿಗೊಮ್ಮೆ ಬಿಸಿಲಿಗಿಟ್ಟು ಬ್ರಷ್ ಮಾಡಿ. ಕಪಾಟಿನಲ್ಲಿ ಒಣಗಿದ ಬೇವಿನೆಲೆ ಇಡಿ, ಮಕ್ಕಳು ಆಡುವ ಗೊಂಬೆಯ ಬಳಿ ನುಸಿಗುಳಿಗೆ ಇಡಬೇಡಿ. ಕಲ್ಲಿನ ಚೀಲದ ಹೊಲಿಗೆ ಬಿಟ್ಟರೆ ತಕ್ಷಣ ಹೊಲಿಯಿರಿ. ಹಿಂಬದಿಯಲ್ಲಿ ಯಾವ ಯಾವ ನೂಲು ಬಳಸಿದ್ದೇನೆ ಎಂಬುದನ್ನು ಕೈಯಿಂದಲೇ ಬರೆದಿದ್ದೆ, ಹಾವೇರಿಯ ದಖ್ಖನಿ ಕುರಿಯ ಉಣ್ಣೆ ಎಂಬುದನ್ನು ಎಲ್ಲಕ್ಕಿಂತ ಮೇಲೆ. ಅಜ್ಜಿಯಿಂದ ಬಿಳಿ ಕೂದಲು ಬೆರೆತ ಇನ್ನೂ ನಾಲ್ಕು ಲಡಿ ಹೇಳಿಟ್ಟಿದ್ದೇನೆ.